ಎಲ್ಲೂ ಬರೆದಿಲ್ಲದ ಸೌಟು

ಈ ವರ್ಷ ಯುಗಾದಿಗೆ ಅಟ್ಲಾಂಟಾ ಪಕ್ಕದ ಸುವಾನಿಗೆ ಹೋದೆ. ಈಗ ನಾನಿರುವ ರಾಲಿಯಿಂದ ನನ್ನ ತಮ್ಮ ಡ್ರೈವ್ ಮಾಡಿದ. ದಾರಿಯುದ್ದಕ್ಕೂ "ಅಕ್ಕ, ಹೋಗ್ಲೇಬೇಕಾ, ಅಲ್ಲಿ ಹೋಗಿ ಅಳ್ತಾ ಕೂತ್ಕೋತೀಯ" ಅಂತ ಒಂದೇ ರಾಗ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಹಬ್ಬಕ್ಕೆಂದು ಬಾಡಿಗೆಗೆ ಹಿಡಿಯುವ ಶಾಲೆಯ ಕೆಫೆಟೀರಿಯಾದ ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು: ನೆಲ ಒರೆಸುವ ನಿಂಬೆ ದ್ರಾವಣ, ಮಕ್ಕಳು ವಾರವಿಡೀ ಚೆಲ್ಲಿದ ಚಾಕೊಲೇಟ್ ಹಾಲು, ಇವೆರಡರ ಮೇಲೆ ಒಬ್ಬಟ್ಟಿನ ಸಾರಿನ ಒಗ್ಗರಣೆ. ಈ ಮೂರೂ ಸೇರಿದ ವಾಸನೆ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಾರದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎರಡು ಸಾವಿರದ ಇಪ್ಪತ್ತೆರಡರ ಆ ವಸಂತ, ನಮ್ಮ ಕನ್ನಡ ಕೂಟ ಇನ್ನೇನು ಎರಡು ಹೋಳಾಗಲಿದ್ದ ಆ ಶನಿವಾರ, ನಮ್ಮ ಯಜಮಾನರು ಮೈಕ್ ಹಿಡಿದು ಸುಮ್ಮನೆ ನಿಂತಿದ್ದ ಆ ಗಳಿಗೆ, ಎಲ್ಲವೂ ಮೂಗಿನ ಮೂಲಕವೇ ಒಳಗೆ ಬಂದವು. ತಮ್ಮ ಹಿಂದಿನಿಂದ "ಒಳಗ್ ನಡಿ, ಜನ ಬರ್ತಿದಾರೆ" ಅಂದ.

ನಮ್ಮ ಕೂಟದ ವಿಷಯ ಮೊದಲು ಹೇಳಬೇಕು. ಅಟ್ಲಾಂಟಾದ ಈ ಭಾಗದಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು ಇದ್ದ ಕಾಲದಲ್ಲಿ, ಅಪಾರ್ಟ್‌ಮೆಂಟಿನ ಒಂದು ಹಾಲ್‌ನಲ್ಲಿ, ಚಾಪೆ ಹಾಸಿ ಶುರು ಮಾಡಿದ್ದು. ಶುರು ಮಾಡಿದವರು ಇವರು, ಡಾಕ್ಟರ್ ಕೇಶವಮೂರ್ತಿ, ನನ್ನ ಗಂಡ. ಆ ಮೊದಲ ದಿನ ಇವರು "ಪರದೇಶದಲ್ಲಿ ಕನ್ನಡಿಗನ ಕರ್ತವ್ಯ" ಎಂದು ಭಾಷಣ ಹಿಡಿದರು. ಹಿಡಿದರೆ ಬಿಡುವ ಜಾಯಮಾನ ಅವರದ್ದಲ್ಲ. ಸಾರು ಆರುತ್ತಿತ್ತು, ಮಕ್ಕಳು ಅಳುತ್ತಿದ್ದವು, ನನಗೆ ರೇಗಿಹೋಯಿತು. ಅಡುಗೆಮನೆಯಿಂದಲೇ ಕೂಗಿದೆ: "ಊಟಕ್ಕೆ ಏಳಿ." ನಾನು ಹೇಳಿದ್ದು ಒಬ್ಬರಿಗೆ. ಆದರೆ ಕನ್ನಡದಲ್ಲಿ ಗಂಡನಿಗೂ ಏಳಿ, ಊರಿಗೂ ಏಳಿ. ಕೂತಿದ್ದವರೆಲ್ಲ ದಡಬಡ ಎದ್ದರು. ಇವರ ಭಾಷಣ ಅಲ್ಲಿಗೆ ನಿಂತಿತು. ಮರುವರ್ಷ ಇವರೇ ಗಂಭೀರವಾಗಿ ಗಂಟಲು ಸರಿಮಾಡಿಕೊಂಡು "ಎಲ್ಲರೂ ಊಟಕ್ಕೆ ಏಳಿ" ಎಂದರು, ಜನ ನಕ್ಕು ಎದ್ದರು. ಆಮೇಲೆ ಅದೇ ನಿಂತುಬಿಟ್ಟಿತು. ಇವರು ಹೇಳುವವರೆಗೆ ಯಾರೂ ಏಳುತ್ತಿರಲಿಲ್ಲ.

ಅಧ್ಯಕ್ಷರ ಕಥೆಯೂ ಹಾಗೇ. ಒಂದು ವರ್ಷಕ್ಕೆ ಒಬ್ಬರು. ಯುಗಾದಿಯ ಊಟದಲ್ಲಿ ಹಳೆಯ ಅಧ್ಯಕ್ಷರು ಸೌಟು ಹಿಡಿದು ಮೊದಲ ಪಂಕ್ತಿಗೆ ಬಡಿಸಬೇಕು, ಮೊದಲ ಎಲೆ ಹೊಸ ಅಧ್ಯಕ್ಷರದ್ದು. ಸೌಟು ಹಿಡಿಯುವುದು ಅಂದರೆ ನಮ್ಮಲ್ಲಿ ರಾಜೀನಾಮೆ. ಮುಂದಿನ ಅಧ್ಯಕ್ಷರು ಯಾರೆಂದು ಕಮಿಟಿಯವರು ಮೊದಲೇ ಮಾತಾಡಿಕೊಂಡು, ನಮ್ಮ ಮನೆಗೆ ಬಂದು ಕಾಫಿ ಕುಡಿದು, "ಅಂಕಲ್, ನೀವು ಹೇಗೆ ಹೇಳ್ತೀರೋ ಹಾಗೆ" ಎನ್ನುತ್ತಿದ್ದರು. ಇವರು ತುಂಬಾ ಯೋಚನೆ ಮಾಡಿದವರ ಹಾಗೆ ಕಣ್ಣು ಮುಚ್ಚಿ, ಅವರು ನಿಶ್ಚಯಿಸಿಕೊಂಡು ಬಂದ ಹೆಸರನ್ನೇ ಹೇಳುತ್ತಿದ್ದರು. ಇದೊಂದೂ ಎಲ್ಲೂ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಇದನ್ನೆಲ್ಲ ನನಗೆ ಹೊಸದಾಗಿ ತೋರಿಸಿದವಳು ಅಪೂರ್ವ, ಈ ತಮ್ಮನ ಮಗಳು. ರಾಲಿಯಲ್ಲಿ ಹುಟ್ಟಿ ಬೆಳೆದವಳು, ಕಾನೂನು ಓದಲು ಬ್ರಿಟನ್‌ಗೆ ಹೋದಳು. ಆ ವರ್ಷ ಜನವರಿಯಲ್ಲಿ ಥೀಸಿಸ್ ಬರೆಯುವುದಕ್ಕೆಂದು ನಮ್ಮ ಮನೆಗೆ ಬಂದಳು. ಅವಳ ಮನೆಯಲ್ಲಿ ತಮ್ಮಂದಿರ ಗಲಾಟೆ, ನಮ್ಮಲ್ಲಿ ಮೇಲಿನ ರೂಮು ಖಾಲಿ. ಇವರಿಗಂತೂ ಹಬ್ಬ. ಇವರ ತಂದೆ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಮಗ ಡಾಕ್ಟರಾಗಲಿ ಎಂದರು, ಇವರು ಆದರು. ಆದರೆ ಒಳಗಿದ್ದ ವಕೀಲ ಎಲ್ಲಿಗೆ ಹೋಗುತ್ತಾನೆ, ಜೀವನಪೂರ್ತಿ ನನ್ನ ಜೊತೆ ವಾದ ಮಾಡಿದ. ಅಮೆರಿಕಕ್ಕೆ ಬರುವ ಮುಂಚೆ ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ಸ್ವಲ್ಪ ಕಾಲ ಇದ್ದರು, ಅಲ್ಲಿಂದ ಆ ದೇಶದ ಪಾರ್ಲಿಮೆಂಟಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದರು.

"ಯಾವುದರ ಮೇಲಮ್ಮ ಥೀಸಿಸ್?" ಎಂದು ಕೇಳಿದರು.

"ಕನ್ವೆನ್ಷನ್ಸ್ ಮೇಲೆ, ಮಾವ."

ಅವತ್ತು ನಮ್ಮ ಮನೆಯಲ್ಲಿ ಶಿವಾನಂದ ಇದ್ದ. ಹುಬ್ಬಳ್ಳಿಯವನು, ಸೇತುವೆ ಕಟ್ಟುವ ಇಂಜಿನಿಯರು, ಆಗ ನಮ್ಮ ಕೂಟದ ಅಧ್ಯಕ್ಷ. "ಭಾಳ ಛಲೋ ಆತು" ಅಂದ. "ಯಾವ ಕನ್ವೆನ್ಷನ್ನವಾ? ಹೋದ ಸಲದ್ದೋ, ಮುಂದಿನದ್ದೋ? ಊಟದ ವ್ಯವಸ್ಥಾದ ಮ್ಯಾಲೂ ಎರಡು ಮಾತು ಬರಿ." ಅಮೆರಿಕದ ಕನ್ನಡಿಗರಿಗೆ ಕನ್ವೆನ್ಷನ್ ಅಂದರೆ ಒಂದೇ, ಎರಡು ವರ್ಷಕ್ಕೊಮ್ಮೆ ಸಾವಿರಾರು ಜನ ಸೇರಿ ರೇಷ್ಮೆ ಸೀರೆ ಉಟ್ಟುಕೊಂಡು ಊಟಕ್ಕೆ ಕ್ಯೂ ನಿಲ್ಲುವುದು. ಅಪೂರ್ವ ನಗು ತಡೆದುಕೊಂಡು ಬಿಡಿಸಿ ಹೇಳಿದಳು. ಬ್ರಿಟನ್ನಿಗೆ ನಮ್ಮ ದೇಶದ ಹಾಗೆ, ಈ ದೇಶದ ಹಾಗೆ, ಒಂದು ಪುಸ್ತಕದಲ್ಲಿ ಬರೆದ ಸಂವಿಧಾನ ಇಲ್ಲ. ಕೆಲವು ಕಾಯ್ದೆ, ಕೆಲವು ತೀರ್ಪು, ಉಳಿದದ್ದೆಲ್ಲ ನಡೆದುಕೊಂಡು ಬಂದದ್ದು. ಆ ನಡೆದುಕೊಂಡು ಬಂದದ್ದಕ್ಕೆ ಕನ್ವೆನ್ಷನ್ ಅಂತ ಹೆಸರು. ಮುರಿದರೆ ಯಾವ ಕೋರ್ಟೂ ಶಿಕ್ಷೆ ಕೊಡುವುದಿಲ್ಲ.

"ಹಂಗಾರ ಯಾಕ ಪಾಲಿಸ್ತಾರ?" ಎಂದ ಶಿವಾನಂದ.

"ಅದೇ ನನ್ನ ಥೀಸಿಸ್, ಅಂಕಲ್."

ಆ ಚಳಿಗಾಲ ನಮ್ಮ ಮನೆಯ ಟೀವಿಯಲ್ಲಿ ಧಾರಾವಾಹಿ ಬಂದ್. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಲಂಡನ್ನಿನ ಪಾರ್ಲಿಮೆಂಟು ಹಾಜರ್. ಕೊರೋನಾ ಕಾಲದಲ್ಲಿ ಊರಿಗೆಲ್ಲ ಮನೆಯಲ್ಲೇ ಇರಿ ಎಂದು ಕಾನೂನು ಮಾಡಿದ ಪ್ರಧಾನಿಯ ಕಚೇರಿಯಲ್ಲೇ ಪಾರ್ಟಿಗಳು ನಡೆದಿದ್ದವು, ಅವರು ಸಭೆಯಲ್ಲಿ ಅಂಥದ್ದೇನೂ ನಡೆದಿಲ್ಲ ಅಂದಿದ್ದರು ಎಂದು ಅಲ್ಲಿ ರಂಪ. ಬೇಕೆಂದೇ ಸಭೆಗೆ ಸುಳ್ಳು ಹೇಳಿದ ಮಂತ್ರಿ ರಾಜೀನಾಮೆ ಕೊಡಬೇಕು, ಅದು ಅಲ್ಲಿಯ ವಾಡಿಕೆ. ಸುಳ್ಳು ಹೇಳಿದರೋ ಇಲ್ಲವೋ, ಮಂತ್ರಿಗಳ ನಡತೆಯ ನಿಯಮ ಮುರಿಯಿತೋ ಇಲ್ಲವೋ ಎಂದು ಕೊನೆಗೆ ತೀರ್ಮಾನ ಮಾಡುವವರು ಪ್ರಧಾನಿಯೇ. "ಚೆನ್ನಾಗಿದೆ ನ್ಯಾಯ" ಎಂದು ನಾನು ದೋಸೆ ಮಗುಚಿದೆ. ಅಪೂರ್ವಳ ವಾದ ಖಂಡಿತವಾಗಿತ್ತು: ಎಲ್ಲವನ್ನೂ ಬರೆಯಬೇಕು. ಮರ್ಯಾದಸ್ಥರು ಇರುವ ತನಕ ವಾಡಿಕೆ ನಡೆಯುತ್ತದೆ, ಮರ್ಯಾದೆ ಬಿಟ್ಟವನೊಬ್ಬ ಬಂದರೆ ಅಲ್ಲಿಗೆ ಕಥೆ ಮುಗಿಯಿತು. ಇವರು ತಲೆ ಅಲ್ಲಾಡಿಸುತ್ತಿದ್ದರು. ಬರೆದಿಟ್ಟ ಈ ದೇಶದಲ್ಲಿ ಹಿಂದಿನ ವರ್ಷ ಜನವರಿಯಲ್ಲಿ ಚುನಾವಣೆ ಸೋತವನ ಕಡೆಯವರು ಸಂಸತ್ತಿಗೇ ನುಗ್ಗಿದ್ದು ನೋಡಿದ್ದೀಯಲ್ಲ, ಮರ್ಯಾದೆ ಬಿಟ್ಟವನಿಗೆ ಪುಸ್ತಕ ಏನು ಮಾಡುತ್ತದೆ, ಎನ್ನುತ್ತಿದ್ದರು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ನಾನು ಹೇಳುವುದನ್ನು ಬಿಡುತ್ತಲೂ ಇರಲಿಲ್ಲ.

ಇನ್ನೊಂದು ವಾದವೂ ಆಗ ನಡೆಯುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಪಾರ್ಲಿಮೆಂಟನ್ನು ವಿಸರ್ಜಿಸುವ ಅಧಿಕಾರ ಮೊದಲು ರಾಣಿಯದ್ದು, ಅದೂ ವಾಡಿಕೆಯದ್ದೇ. ನಡುವೆ ಒಂದು ಕಾಯ್ದೆ ಮಾಡಿ ಅದನ್ನು ಕಿತ್ತಿಟ್ಟರು. ಈಗ ಆ ಕಾಯ್ದೆಯನ್ನೇ ರದ್ದು ಮಾಡಿ, ಹಳೆಯದು ವಾಪಸ್ ಬರಲಿ ಎನ್ನುತ್ತಿದ್ದರು. ಬರುತ್ತದೆಯೇ? ಒಮ್ಮೆ ಹೋದದ್ದು, ಬನ್ನಿ ಎಂದರೆ ಎದ್ದು ಬರುತ್ತದೆಯೇ? ದೊಡ್ಡ ದೊಡ್ಡ ಪ್ರೊಫೆಸರುಗಳು ಇದರ ಮೇಲೆ ಕಿತ್ತಾಡುತ್ತಿದ್ದಾರೆಂದು ಅಪೂರ್ವ ಹೇಳಿದಳು. ಇವರು ಕಾಫಿ ಲೋಟ ಕೆಳಗಿಟ್ಟು ಒಂದೇ ಮಾತು ಹೇಳಿದರು: "ಕೇಳೋರಿದ್ರೆ ಬರುತ್ತೆ."

"ಕೇಳೋರು ಅಂದ್ರೆ, ಆಸ್ಕ್ ಮಾಡೋರಾ, ಒಬೇ ಮಾಡೋರಾ?" ಎಂದು ಅವಳು.

"ಕನ್ನಡದಲ್ಲಿ ಎರಡೂ ಒಂದೇಮ್ಮ" ಎಂದರು ಇವರು, ಏನೋ ಕೇಸ್ ಗೆದ್ದವರ ಹಾಗೆ.

ನಮ್ಮ ಕೂಟದ ಗಲಾಟೆ ಹೊತ್ತಿಕೊಂಡದ್ದು ಆ ಹೊತ್ತಿಗೇ. ಶಿವಾನಂದ ಅಧ್ಯಕ್ಷನಾದದ್ದು ಎರಡು ಸಾವಿರದ ಇಪ್ಪತ್ತರ ಮಾರ್ಚಿ ಮೊದಲಲ್ಲಿ. ಯುಗಾದಿ ಇನ್ನೂ ದೂರವಿತ್ತು, ಶಾಲೆ ಖಾಲಿ ಸಿಕ್ಕಿದ ಶನಿವಾರವೇ ನಮಗೆ ಯುಗಾದಿ. ಅವನು ಮೊದಲ ಎಲೆಯಲ್ಲಿ ಕೂತು, ಹಿಂದಿನವರ ಕೈಯಲ್ಲಿ ಬಡಿಸಿಕೊಂಡು ಉಂಡ. ಆಮೇಲೆ ಊರೆಲ್ಲ ಮುಚ್ಚಿತು. ಮುಂದಿನ ಯುಗಾದಿ ಕಂಪ್ಯೂಟರಿನ ಪರದೆಯ ಮೇಲೆ. ಪರದೆಯ ಮೇಲೆ ಸೌಟು ಹಿಡಿಯುವುದು ಹೇಗೆ? ಊಟವಿಲ್ಲ, ಬಡಿಸುವುದಿಲ್ಲ, ಹಾಗಾಗಿ ಅವನೇ ಮುಂದುವರಿದ. ಯಾರೂ ಚಕಾರ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ, ಆ ಎರಡು ವರ್ಷ ಅವನು ಮಾಡಿದ ಕೆಲಸ ಅಂಥದ್ದು. ವಯಸ್ಸಾದವರ ಮನೆ ಬಾಗಿಲಿಗೆಲ್ಲ ಹಾಲು, ಔಷಧಿ, ಕರಿಬೇವು ಇಟ್ಟು, ಬೆಲ್ ಒತ್ತಿ, ದೂರ ಹೋಗಿ ನಿಂತು ಕೈ ಬೀಸುತ್ತಿದ್ದ. ಇವರಿಗೆ ಜ್ವರ ಬಂದಾಗ ಜೋಳದ ರೊಟ್ಟಿ, ಎಣ್ಣೆಗಾಯಿ ತಂದು ಮೆಟ್ಟಿಲ ಮೇಲೆ ಇಟ್ಟು ಹೋದ. ಜ್ವರದ ಬಾಯಿಗೆ ಎಣ್ಣೆಗಾಯಿ ಕೊಡುವ ಬುದ್ಧಿ ಹುಬ್ಬಳ್ಳಿಯವರಿಗೇ ಸರಿ, ಆದರೂ ಇವರು ಬಿಡದೆ ತಿಂದರು.

ಇಪ್ಪತ್ತೆರಡರ ಯುಗಾದಿಗೆ ಶಾಲೆ ಮತ್ತೆ ಸಿಕ್ಕಿತು. ಮುಂದಿನ ಸರದಿ ಹೇಮಾಳದ್ದು. ಬೆಂಗಳೂರಿನ ಹುಡುಗಿ, ಸಾರ್ವಜನಿಕ ಆರೋಗ್ಯದ ಕಚೇರಿಯಲ್ಲಿ ಅಂಕಿಅಂಶದ ಕೆಲಸ, ಮಾತು ಕತ್ತರಿಸಿದ ಹಾಗೆ. ಕಮಿಟಿ ನಮ್ಮ ಮನೆಗೆ ಬಂದು ಕಾಫಿ ಕುಡಿದು ಅವಳ ಹೆಸರು ಇವರ ಬಾಯಲ್ಲಿ ಹೇಳಿಸಿಯೂ ಆಗಿತ್ತು. ಅಷ್ಟರಲ್ಲಿ ಶಿವಾನಂದ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ: ಸೋಂಕಿನ ಭಯ ಇನ್ನೂ ಇರುವುದರಿಂದ ಈ ಸಲ ಪಂಕ್ತಿ ಇಲ್ಲ, ಹೋಟೆಲಿನಿಂದ ಬಾಕ್ಸ್ ಊಟ.

ಓದುವವರಿಗೆ ಇದರಲ್ಲಿ ಏನಿದೆ ಅನಿಸಬಹುದು. ನಮಗೆ ಎಲ್ಲವೂ ಇತ್ತು. ಪಂಕ್ತಿ ಇಲ್ಲ ಅಂದರೆ ಬಡಿಸುವುದಿಲ್ಲ, ಬಡಿಸುವುದಿಲ್ಲ ಅಂದರೆ ಸೌಟಿಲ್ಲ, ಸೌಟಿಲ್ಲ ಅಂದರೆ ಶಿವಾನಂದ ಇನ್ನೂ ಒಂದು ವರ್ಷ ಅಧ್ಯಕ್ಷ. ಫೋನುಗಳು ಬಡಿದುಕೊಂಡವು. ಹೇಮಾ ನೇರ ನಮ್ಮ ಮನೆಗೆ ಬಂದಳು.

"ಅಂಕಲ್, ನಂಗೆ ಕುರ್ಚಿ ಹುಚ್ಚಿಲ್ಲ. ಆದ್ರೆ ಇದು ಸರಿನಾ? ಬೈಲಾ ಡ್ರಾಫ್ಟ್ ಮಾಡಿದೀನಿ, ಸೈನ್ ಮಾಡೋಣ. ಇಲ್ಲ ಅಂದ್ರೆ ನಾವೊಂದಷ್ಟು ಫ್ಯಾಮಿಲೀಸ್ ಬೇರೆ ಸಂಘ ರಿಜಿಸ್ಟರ್ ಮಾಡ್ತೀವಿ. ಅವತ್ತೇ ಅನೌನ್ಸ್ ಮಾಡ್ತೀವಿ. ನೀವು ಒಂದು ಮಾತು ಹೇಳಿದ್ರೆ ಏನೂ ಬೇಕಾಗಿಲ್ಲ."

"ನಾನು ಹೇಳೋಕೆ ಯಾರಮ್ಮ?" ಎಂದರು ಇವರು.

ಅವಳು ಹೋದ ಮೇಲೆ ನಾನು ಹಿಡಿದುಕೊಂಡೆ. "ಯಾರಮ್ಮ ಅಂದ್ರೆ? ಬಾಯಿಗೆ ಬೀಗ ಹಾಕ್ಕೊಂಡಿದೀರಾ? ಅಪಾರ್ಟ್‌ಮೆಂಟಲ್ಲಿ ಚಾಪೆ ಹಾಸಿದೋರು ಯಾರು?" ಮೆಟ್ಟಿಲ ಮೇಲೆ ಕೂತಿದ್ದ ಅಪೂರ್ವ ಹೇಳಿದಳು, "ಅತ್ತೆ, ಮಾವ ಈಸ್ ದ ಕ್ವೀನ್. ಅವ್ರು ಎಲ್ಲಾರ್ಗೂ ಸೇರಿದೋರು. ಅವ್ರ ಪವರ್ ಒಂದ್ ಸಲ ಯೂಸ್ ಮಾಡಿದ್ರೆ, ನೆಕ್ಸ್ಟ್ ಟೈಮ್ ಇರಲ್ಲ." ಆಗ ಇವರು ನಿಧಾನವಾಗಿ ಹೇಳಿದರು: "ನನ್ನ ಕಣ್ಣೆದುರಿಗೆ ಇದು ಎರಡಾಗಬಾರದು ಕಣೇ. ನಾನು ಹೋದ ಮೇಲೆ ಹತ್ತಾಗಲಿ, ನನಗೆ ಗೊತ್ತಾಗಲ್ಲ." ಇವರ ಹೃದಯದ ತೊಂದರೆ ಆಗಲೇ ಶುರುವಾಗಿತ್ತು. ಡಾಕ್ಟರಾದ್ದರಿಂದ ಎಷ್ಟು ದಿನದ ಮಾತು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಶನಿವಾರ ಬೆಳಿಗ್ಗೆ ಇವರು ಮತ್ತು ಶಿವಾನಂದ ಹೊಳೆಯ ಪಕ್ಕದ ದಾರಿಯಲ್ಲಿ ವಾಕಿಂಗ್ ಹೋಗುವುದು ಮೊದಲಿನಿಂದ ಇದ್ದದ್ದು. ಯಾರೇ ಅಧ್ಯಕ್ಷರಾಗಲಿ, ಇವರ ಜೊತೆ ಶನಿವಾರದ ವಾಕಿಂಗು ಇದ್ದೇ ಇತ್ತು. ಯುಗಾದಿಗೆ ಮುಂಚಿನ ಶನಿವಾರವೂ ಹೋದರು. ಡಾಗ್‌ವುಡ್ ಮರಗಳೆಲ್ಲ ಬಿಳಿ ಹೂ ಬಿಟ್ಟಿದ್ದವು, ಕಾರುಗಳ ಮೇಲೆ ಪೈನ್ ಮರದ ಪರಾಗದ ಹಳದಿ ಪುಡಿ ಒಂದು ಪದರ ಕೂತಿತ್ತು, ಇಬ್ಬರೂ ಸೀನುತ್ತಾ ವಾಪಸ್ ಬಂದರು. ಶಿವಾನಂದನ ಕಣ್ಣು ಕೆಂಪಗಿತ್ತು. ಹಳದಿ ಪುಡಿಯಿಂದಲೋ ಏನೋ, ನಾನು ಕೇಳಲಿಲ್ಲ. ಉಪ್ಪಿಟ್ಟು ಕೊಟ್ಟೆ. ಅವನು ತಟ್ಟೆ ಹಿಡಿದುಕೊಂಡು ನನಗೆ ಮಾತ್ರ ಕೇಳುವ ಹಾಗೆ ಹೇಳಿದ:

"ಆಂಟಿ, ನನಗ ಮಂದಿ ಏನರ ಅನ್ಲಿ. ಎರಡು ವರ್ಷ ಕುರ್ಚಿ ಸಿಕ್ತು, ಮಂದಿ ಸಿಗಲಿಲ್ರಿ. ಬಾಗಿಲಾಗ ಹಾಲಿಟ್ಟು ದೂರ ನಿಂತು ಕೈ ಮಾಡೂದು, ಅಷ್ಟ. ಒಂದು ವರ್ಷ, ಎಲ್ಲಾರೂ ಕೂಡಿದ್ದು, ಒಂದ ಒಂದು ವರ್ಷ ಕೇಳಾಕತ್ತೇನಿ."

ಅದುವರೆಗೆ ನಾನು ಮನಸ್ಸಿನಲ್ಲಿ ಹೇಮಾಳ ಕಡೆ ಇದ್ದೆ, ಆ ಕ್ಷಣ ಯಾವ ಕಡೆಯೂ ಇಲ್ಲದ ಹಾಗಾಯಿತು. ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ, ಬೇಡ ಅನ್ನಲಿಲ್ಲ.

ಅವನು ಹೋದ ಮೇಲೆ "ಏನ್ ಮಾತಾಡಿದ್ರಿ?" ಎಂದು ಇವರನ್ನು ಕೇಳಿದೆ. ಹೇಳಲಿಲ್ಲ. ಅಪೂರ್ವಳಿಗೆ ಕುಣಿಯುವಷ್ಟು ಖುಷಿ. ರಾಣಿಯೂ ಪ್ರಧಾನಿಯೂ ವಾರಕ್ಕೊಮ್ಮೆ ಸೇರುತ್ತಾರೆ, ಏನು ಮಾತಾಡಿದರೆಂದು ಇಬ್ಬರೂ ಹೊರಗೆ ಹೇಳುವುದಿಲ್ಲ, ಅದೂ ಎಲ್ಲೂ ಬರೆದಿಲ್ಲ, ಎಂದಳು. "ನಿನ್ನ ರಾಣಿಗೆ ಹೆಂಡತಿ ಇಲ್ಲ, ಅದಕ್ಕೆ ನಡೆಯುತ್ತೆ" ಎಂದೆ.

ಯುಗಾದಿಯ ಶನಿವಾರ ಬಂತು. ನಾನು ಪ್ರತಿವರ್ಷದ ಹಾಗೆ ತುಪ್ಪ ಕಾಯಿಸಿ, ಹಳೆಯ ಸ್ಟೀಲ್ ಪಾತ್ರೆಗೆ ಸುರಿದು, ಒಂದು ಪುಟ್ಟ ಸೌಟು ಹಾಕಿ, ಟವೆಲ್ ಸುತ್ತಿಕೊಂಡು ಹೋದೆ. ತುಪ್ಪ ಮೊದಲಿನಿಂದ ನನ್ನ ಇಲಾಖೆ. ಬಾಕ್ಸ್ ಊಟಕ್ಕೆ ತುಪ್ಪ ಯಾಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಒಬ್ಬಟ್ಟು ಇದ್ದ ಮೇಲೆ ತುಪ್ಪ ಇರಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು. ಕೆಫೆಟೀರಿಯಾದಲ್ಲಿ ಜನ ಎರಡು ಗುಂಪಾಗಿ ಕೂತಿದ್ದರು, ನಡುವೆ ಒಂದು ಸಾಲು ಕುರ್ಚಿ ಖಾಲಿ. ಮಕ್ಕಳ ಹಾಡು ಆಯಿತು, ಪಂಚಾಂಗ ಓದಿದ್ದಾಯಿತು. ಗೋಡೆಯ ಪಕ್ಕ ಬಾಕ್ಸುಗಳು ಎತ್ತರವಾಗಿ ಪೇರಿಸಿದ್ದವು. ಹುಡುಗರು ಒಂದೊಂದನ್ನು ಎಲ್ಲರ ಕೈಗೂ ಕೊಟ್ಟರು. ಯಾರೂ ತೆರೆಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಇವರು ಇನ್ನೂ ಹೇಳಿರಲಿಲ್ಲವಲ್ಲ.

ಹೇಮಾ ಮುಂದಿನ ಸಾಲಿನಲ್ಲಿದ್ದಳು, ಅನೌನ್ಸ್ ಮಾಡಲು ತಯಾರಾಗಿಯೇ ಬಂದಿದ್ದಳು. ಹೊಸ ಸಂಘಕ್ಕೆ ಹೆಸರೂ ಇಟ್ಟಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಶಿವಾನಂದ ಮೈಕ್ ತಂದು ಇವರ ಕೈಗೆ ಕೊಟ್ಟ. "ಡಾಕ್ಟ್ರ, ಹೇಳಿಬಿಡ್ರಿ" ಅಂದ. ಧ್ವನಿ ಸ್ವಲ್ಪ ಒಣಗಿತ್ತು.

ಹೇಳಿದರೆ ಬಾಕ್ಸ್ ಊಟವೇ ಪದ್ಧತಿಯಾಗುತ್ತದೆ, ಹೇಮಾ ಎದ್ದು ಹೋಗುತ್ತಾಳೆ. ಹೇಳದಿದ್ದರೆ ಇವರು ಒಂದು ಪಕ್ಷ ಹಿಡಿದ ಹಾಗಾಗುತ್ತದೆ, ಶಿವಾನಂದನ ಕಡೆಯವರು ಎದ್ದು ಹೋಗುತ್ತಾರೆ. ಎರಡರಲ್ಲಿ ಯಾವುದಾದರೂ ಕೂಟ ಎರಡು. ಇವರು ಮೈಕ್ ಹಿಡಿದು ಸುಮ್ಮನೆ ನಿಂತರು. ನಾನು ತುಪ್ಪದ ಪಾತ್ರೆಯನ್ನು ಠಕ್ಕನೆ ಮೇಜಿನ ಮೇಲಿಟ್ಟೆ. ಆ ಸದ್ದು ಕೇಳಿ ಇವರು ನನ್ನ ಕಡೆ ನೋಡಿದರು, ಪಾತ್ರೆ ನೋಡಿದರು, ಆಮೇಲೆ ತೀರಾ ಮನೆಯಲ್ಲಿ ಕೇಳುವ ಹಾಗೆ ಕೇಳಿದರು:

"ಶಿವಾನಂದ, ಒಬ್ಬಟ್ಟಿಗೆ ತುಪ್ಪ ಯಾರು ಬಡಿಸ್ತಾರೆ?"

ಅಷ್ಟೇ ಕೇಳಿದ್ದು. ಬಡಿಸು ಅನ್ನಲಿಲ್ಲ, ಇಳಿ ಅನ್ನಲಿಲ್ಲ. ಶಿವಾನಂದನಿಗೆ ಅರ್ಥವಾಗದೆ ಇಲ್ಲ, ಅಲ್ಲಿದ್ದ ಯಾರಿಗೂ ಅರ್ಥವಾಗದೆ ಇಲ್ಲ. ಅವನು ನೆಲ ನೋಡಿದ. ಒಣ ಹೋಳಿಗೆ ಅತಿಥಿಗೆ ಕೊಡುವ ಮನೆಯಲ್ಲಿ ಹುಟ್ಟಿದವನಲ್ಲ ಅವನು. ಮಾಸ್ಕ್ ಸರಿಮಾಡಿಕೊಂಡು, ಎರಡು ಗುಂಪಿನ ನಡುವೆ ಇದ್ದ ಆ ಖಾಲಿ ಸಾಲಿನಲ್ಲಿ ನಡೆದು ನನ್ನ ಹತ್ತಿರ ಬಂದ.

"ಕೊಡ್ರಿ ಆಂಟಿ ಇಲ್ಲೆ" ಅಂದ. "ನೀವು ಯಾಕ ಹೊರ್ತೀರಿ."

ಅವನ ಕೈ ಆ ಪುಟ್ಟ ಸೌಟಿಗೆ ತಾಗಿದ್ದೇ ತಡ, ಇವರು ಒಂದು ಉಸಿರೂ ಬಿಡದೆ ಮೈಕಿನಲ್ಲಿ ಹೇಳಿದರು: "ಎಲ್ಲರೂ ಊಟಕ್ಕೆ ಏಳಿ." ಕುರ್ಚಿಗಳೆಲ್ಲ ಒಟ್ಟಿಗೆ ನೆಲಕ್ಕೆ ಉಜ್ಜಿದ ಸದ್ದು ಆ ಮಂದಿರದ ತುಂಬ ಆಯಿತು. ನನಗೆ ಅದು ಮಂದಿರವೇ ಆಗ. ಶಿವಾನಂದ ಮೊದಲು ಹೇಮಾಳ ಮುಂದೆ ನಿಂತ. ಅವಳು ಬಾಕ್ಸ್ ತೆರೆದಳು, ಬಾಯಿ ಬಿಗಿದುಕೊಂಡಿದ್ದಳು. "ಸಾಕು ಅಂತ ಅನಬ್ಯಾಡ್ರಿ ಮೇಡಂ" ಅಂದ ಅವನು ತುಪ್ಪ ಸುರಿಯುತ್ತಾ, "ಇನ್ನ ಒಂದು ವರ್ಷ ನಿಮಗ ಸಾಕು ಅನ್ನಾಕ ಬರಂಗಿಲ್ಲ." ಅವಳು ನಕ್ಕಳು, ಜೊತೆಗೆ ಅತ್ತಳು. ಒಬ್ಬಟ್ಟು ತುಪ್ಪದಲ್ಲಿ ಮುಳುಗಿಹೋಯಿತು.

ಮೊದಲ ಸಾಲಿಗೆ ಬಡಿಸಿ ನಿಲ್ಲಿಸಬಹುದಿತ್ತು, ಪದ್ಧತಿ ಅಷ್ಟೇ. ಅವನು ಎಲ್ಲರಿಗೂ ಬಡಿಸಿದ. ಒಬ್ಬೊಬ್ಬರ ಮುಂದೂ ನಿಂತು, ಹೆಸರು ಹಿಡಿದು ಮಾತಾಡಿಸಿ, ಮಕ್ಕಳು ಎಷ್ಟು ಎತ್ತರ ಬೆಳೆದಿವೆ ನೋಡಿ, ಯಾರ ಮನೆಯ ಮೆಟ್ಟಿಲ ಮೇಲೆ ಏನಿಟ್ಟಿದ್ದೆ ಎಂದು ನೆನಪು ಮಾಡಿಕೊಟ್ಟು. ಕೊನೆಗೆ ಖಾಲಿ ಪಾತ್ರೆ ತಂದು ನನ್ನ ಮುಂದಿಟ್ಟಾಗ ಅವನ ಮಾಸ್ಕ್ ಒದ್ದೆಯಾಗಿತ್ತು. "ಆಂಟಿ, ಎಲ್ಲಾರ ಮಾರಿ ನೋಡಿದಂಗಾತ್ರಿ" ಅಂದ. ಅವನು ಕೇಳಿದ್ದ ಆ ಒಂದು ವರ್ಷ ಅವನಿಗೆ ಸಿಕ್ಕಿದ್ದು ಅಷ್ಟೇ, ಮಧ್ಯಾಹ್ನದ ಊಟದಷ್ಟು ಹೊತ್ತು.

ಕಾರಿನಲ್ಲಿ ಮನೆ ಹತ್ತಿರ ಬಂದಾಗ ಅಪೂರ್ವ ಹೇಳಿದಳು, "ಮಾವ, ಇದು ವರ್ಕ್ ಆಗಿದ್ದು ಶಿವಾನಂದ ಅಂಕಲ್ ಒಳ್ಳೆಯವ್ರು ಅಂತ. ಒಳ್ಳೆಯವ್ರು ಅಲ್ಲ ಅಂದ್ರೆ?" ಇವರು ಕಿಟಕಿಯ ಆಚೆ ನೋಡಿದರು. ಸೋತಾಗ ಮಾತ್ರ ಇವರು ಹಾಗೆ ಮಾಡುತ್ತಿದ್ದರು. ಅವಳ ಥೀಸಿಸ್ಸಿನ ವಾದ ಬದಲಾಗಲಿಲ್ಲ, ಬರೆಯಬೇಕು ಎಂದೇ ಮುಗಿಸಿದಳು. ಹೇಮಾಳೂ ತನ್ನ ವರ್ಷದಲ್ಲಿ ಬೈಲಾ ಪಾಸು ಮಾಡಿಸಿದಳು. ಸೌಟಿನ ವಿಷಯ ಮಾತ್ರ ಅದರಲ್ಲಿ ಸೇರಿಸಲಿಲ್ಲ. ಯಾಕೆಂದು ಕೇಳಿದರೆ "ಅದು ಹೆಂಗ್ ಬರಿಯೋದು ಆಂಟಿ" ಅಂದಳು.

ಜುಲೈನಲ್ಲಿ ಬ್ರಿಟನ್ನಿನ ಮಂತ್ರಿಗಳು ಒಬ್ಬರ ಹಿಂದೊಬ್ಬರು ರಾಜೀನಾಮೆ ಎಸೆದು, ಕೊನೆಗೆ ಪ್ರಧಾನಿಯೂ ಹೋಗುತ್ತೇನೆಂದು ಬಾಗಿಲಾಚೆ ಬಂದು ಹೇಳಬೇಕಾಯಿತು. ಇವರು ಟೀವಿಯ ಮುಂದೆ ಮೂಗು ಮುರಿದರು. "ಸೌಟು ಕೈಗೆ ತುರುಕಿದ್ರೆ ಅದು ಬಡಿಸಿದ ಹಾಗಾಗಲ್ಲ" ಎಂದರು. ಸೆಪ್ಟೆಂಬರಿನಲ್ಲಿ ರಾಣಿ ತೀರಿಕೊಂಡರು. ಎರಡು ದಿನ ಮುಂಚೆ ಕೋಲೂರಿ ನಿಂತು ಹೊಸ ಪ್ರಧಾನಿಗೆ ಕೈಕೊಟ್ಟ ಚಿತ್ರವನ್ನು ಇವರು ಮತ್ತೆ ಮತ್ತೆ ನೋಡಿದರು. ನಾನು ಮೂರು ಸಲ "ಊಟಕ್ಕೆ ಏಳಿ" ಎಂದು ಕೂಗಿದ ಮೇಲೆ ಎದ್ದು ಬಂದರು. ತಟ್ಟೆಯ ಮುಂದೆ ಕೂತು, "ಕೊನೇ ತನಕ ಕೆಲಸ ಮಾಡಿದ್ಲು ನೋಡು" ಅಂದರು. ಆ ಚಳಿಗಾಲ ಇವರೂ ಹೋದರು. ಅವರ ಕಣ್ಣೆದುರಿಗೆ ಕೂಟ ಎರಡಾಗಲಿಲ್ಲ. ನಾನು ಮನೆ ಮಾರಿ ತಮ್ಮನ ಜೊತೆ ರಾಲಿಗೆ ಹೋದೆ. ಮನೆಯ ಊಟದ ಹೊತ್ತಿಗೆ ಕೂಗುವುದಕ್ಕೆ ಯಾರೂ ಇರಲಿಲ್ಲ. ತಮ್ಮನಿಗೆ ಏಳು ಎಂದರೆ ಸಾಕು.

ಈ ವರ್ಷ ಆ ವಾಸನೆಯಲ್ಲಿ ಕೂತು ಕಾರ್ಯಕ್ರಮ ನೋಡಿದೆ. ಅಪೂರ್ವಳೂ ಬಂದಿದ್ದಳು, ಈಗ ಅವಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನಾನು ಇಲ್ಲದ ವರ್ಷಗಳಲ್ಲಿ ಊಟದ ಹೊತ್ತಿಗೆ ಯಾರೋ ಮೈಕಿನಲ್ಲಿ "ಲಂಚ್ ಈಸ್ ರೆಡಿ" ಎನ್ನುತ್ತಿದ್ದರಂತೆ, ಜನ ಗುಂಪುಗುಂಪಾಗಿ ಹೋಗಿ ಕ್ಯೂ ನಿಲ್ಲುತ್ತಿದ್ದರಂತೆ. ಹಾಡು ಮುಗಿಯಿತು, ಪಂಚಾಂಗ ಮುಗಿಯಿತು. ಶಿವಾನಂದ ಮೈಕ್ ಹಿಡಿದು ನನ್ನ ಕುರ್ಚಿಯ ಹತ್ತಿರ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಕಂಡ ಕೂಡಲೇ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಬಿಟ್ಟೆ: ಆ ಶನಿವಾರ ಹೊಳೆಯ ಪಕ್ಕ ಇವರು ನಿನಗೆ ಏನು ಹೇಳಿದರು?

"ಅದನ್ನ ಹೇಳಂಗಿಲ್ರಿ ಆಂಟಿ" ಅಂದ, ಮೆಲ್ಲಗೆ. "ಈಗ ಇದನ್ನ ಹಿಡೀರಿ. ಮಂದಿ ಕಾಯಾಕತ್ತಾರ."

"ನಾನ್ಯಾಕಪ್ಪ? ನಾನು ಹೇಳಬೇಕು ಅಂತ ಎಲ್ಲಿ ಬರೆದಿದೆ?"

"ಎಲ್ಲೂ ಬರದಿಲ್ರಿ" ಅಂದ. "ಬರದಿದ್ರ ನಾ ಬಂದು ನಿಮ್ಮನ್ನ ಕೇಳ್ತಿದ್ದಿಲ್ಲ."

ಸುತ್ತ ನೋಡಿದೆ. ಎಲ್ಲರೂ ಕೂತೇ ಇದ್ದರು, ಇವರ ಕಾಲದಲ್ಲಿ ಹುಟ್ಟಿಯೇ ಇರದ ಮಕ್ಕಳೂ, ಇವರನ್ನು ಕಂಡೇ ಇರದ ಹೊಸಬರೂ. ಅಪೂರ್ವ ದೂರದಿಂದ ನನ್ನನ್ನೇ ನೋಡುತ್ತಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಕೇಳೋರಿದ್ರೆ ಬರುತ್ತೆ ಎಂದಿದ್ದರಲ್ಲ, ಕಾಫಿ ಲೋಟ ಕೆಳಗಿಟ್ಟು. ನಾನು ಮೈಕ್ ಹಿಡಿದೆ. ಇವರ ಹಾಗೆ ಗಂಟಲು ಸರಿಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಎಲ್ಲರೂ ಎಂಬ ಮಾತು ನೆನಪಿಗೇ ಬರಲಿಲ್ಲ. ಅಡುಗೆಮನೆಯಿಂದ ಅಷ್ಟು ವರ್ಷ ಕೂಗಿದ್ದು ಹೇಗೆ ಕೂಗಿದ್ದೆನೋ ಹಾಗೇ ಬಂತು.

"ರೀ, ಊಟಕ್ಕೆ ಏಳಿ."

ಕುರ್ಚಿಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಎಲ್ಲರೂ ಎದ್ದರು.